ತೊಳೆದು ಕೊಟ್ಟ ಬೂಸ್ಟರ್

ವಿಜಯಪುರದ ಒಂದು ಇಂಜಿನಿಯರಿಂಗ್ ಕಾಲೇಜಿನ ವರ್ಕ್‌ಶಾಪಿನಲ್ಲಿ, ಲೇಥ್ ಯಂತ್ರದ ಮುಂದೆ ನಿಂತೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಕೆಲಸ ಕಲಿತದ್ದು ಮಾತ್ರ ಅಲ್ಲಿ ಅಲ್ಲ. ಬಬಲೇಶ್ವರದಲ್ಲಿ, ನಮ್ಮ ಕಾಕಾನ ಗ್ಯಾರೇಜಿನಲ್ಲಿ. ಸುತ್ತಲಿನ ಊರುಗಳಲ್ಲಿ ಯಾರ ಬಾವಿಯ ಇಂಜಿನ್ನು ಕೆಮ್ಮಿದರೂ ಅದು ಅಲ್ಲಿಗೇ ಬರುತ್ತಿತ್ತು. ಕಾಕಾ ಒಂದು ನಟ್ಟು ಬಿಚ್ಚುವಷ್ಟರಲ್ಲಿ ಎರಡು ಗಾದೆ ಹೇಳಿ ಮುಗಿಸುತ್ತಿದ್ದ. ನಟ್ಟನ್ನೂ ಗಾದೆಯನ್ನೂ ನಾನು ಒಟ್ಟಿಗೇ ಕಲಿತೆ. ಈಗಲೂ ಒಂದನ್ನು ಬಿಟ್ಟು ಇನ್ನೊಂದು ಬರುವುದಿಲ್ಲ.

ಹೋದ ವರ್ಷ ಕೊನೆಯ ವರ್ಷದ ನಾಲ್ವರು ವಿದ್ಯಾರ್ಥಿಗಳು ರಾಕೆಟ್ಟಿನ ನಕ್ಷೆ ಹಿಡಿದು ನನ್ನ ಹತ್ತಿರ ಬಂದರು. ಮುಂದಾಳು ಒಬ್ಬ ಹುಡುಗಿ, ನಗರದ ಬಟ್ಟೆ ಅಂಗಡಿಯವರ ಮಗಳು. ರಾಕೆಟ್ಟು ಆಳೆತ್ತರದ್ದು, ಎರಡು ತುಂಡಿನದು. ಕೆಳಗಿನ ತುಂಡಿಗೆ ಬೂಸ್ಟರ್ ಎನ್ನುತ್ತಾರೆ. ಒಳಗಿನ ಮದ್ದು ಉರಿದು, ಕೆಳಗಿನ ಮೂತಿಯಿಂದ ಬೆಂಕಿ ಉಗುಳಿ, ಅದು ಮೇಲಿನ ತುಂಡನ್ನು ಆಕಾಶಕ್ಕೆ ನೂಕುತ್ತದೆ, ಆಮೇಲೆ ಬೇರ್ಪಟ್ಟು ತನ್ನದೇ ಪ್ಯಾರಾಚೂಟ್ ಬಿಚ್ಚಿಕೊಂಡು ಇಳಿಯುತ್ತದೆ. ಹುಡುಗಿಯ ಆಸೆಯೆಲ್ಲ ಆ ಕೆಳಗಿನ ತುಂಡಿನ ಮೇಲೆ.

"ಒಮ್ಮೆ ಹಾರಸವ್ರು ಭಾಳ ಮಂದಿ ಅದಾರ್ರಿ ಸರ್," ಎಂದಳು. "ಇಳಿದದ್ದನ್ನ ಪರೀಕ್ಷೆ ಮಾಡಿ ಅದನ್ನ ಮತ್ತ ಹಾರಸಬೇಕು. ಅದ ನಮ್ಮ ಪ್ರಾಜೆಕ್ಟು."

ಅಲ್ಯೂಮಿನಿಯಂ ಕೊಳವೆಯನ್ನು ನಾನೇ ಕಡೆದು ಕೊಟ್ಟೆ. ಅಂಥ ಲೋಹ ಸಿಕ್ಕದ್ದು ಒಂದೇ ತುಂಡು. ಕಾಲೇಜಿನ ಕೊನೆಯ ಪರೀಕ್ಷೆ ತಿಂಗಳೊಳಗೇ ಇತ್ತು. ಆ ಕೊಳವೆ ಎರಡನೆಯ ಸಲ ಹಾರದಿದ್ದರೆ ಅವಳ ವರ್ಷದ ದುಡಿಮೆಯ ವರದಿಯಲ್ಲಿ ಅರ್ಧದಷ್ಟು ಪುಟ ಖಾಲಿ ಉಳಿಯುತ್ತಿತ್ತು.

ಬೇಕಾದ ಪರವಾನಗಿಗಳನ್ನೆಲ್ಲ ಪಡೆದು, ಜೋಳದ ರಾಶಿ ಮುಗಿದ ಮೇಲೆ, ತಿಕೋಟಾಕ್ಕೂ ಬಬಲೇಶ್ವರಕ್ಕೂ ನಡುವಿನ ಬಯಲಿನಲ್ಲಿ ಹಾರಿಸಿದೆವು. ಚೆನ್ನಾಗಿಯೇ ಹಾರಿತು. ಮೇಲಿನ ತುಂಡು ಹತ್ತಿರದಲ್ಲೇ ಬಿತ್ತು. ಬೂಸ್ಟರ್ ಮಾತ್ರ ಗಾಳಿಗೆ ಸಿಕ್ಕಿ ತಿಕೋಟಾದ ಕಡೆ ತೇಲಿಹೋಯಿತು. ಸಂಜೆಯವರೆಗೆ ಹುಡುಕಿ ಬರಿಗೈಯಲ್ಲಿ ಮರಳಿದೆವು. ಮರುದಿನ ಫೋನು ಬಂತು. ಕೊಳವೆಯ ಮೇಲೆ ಹುಡುಗಿಯ ಫೋನ್ ನಂಬರು ಬರೆಸಿದ್ದೆವು, ಅದನ್ನು ನೋಡಿ ಒಬ್ಬ ರೈತ ಮಾಡಿದ್ದು.

"ನಿಮ್ಮ ಕೊಳಿವಿ ನಮ್ಮ ದ್ರಾಕ್ಷಿ ಪಡದಾಗ ಬಿದ್ದೈತ್ರಿ. ಚಿಂತಿ ಮಾಡಬ್ಯಾಡ್ರಿ, ಮನಿಯಾಗ ಜ್ವಾಕಿ ಇಟ್ಟೇವಿ."

ನಾನೂ ಹುಡುಗಿಯೂ ಹೋದೆವು. ಮನೆಯಲ್ಲಿ ಆ ರೈತ, ಅವನ ತಾಯಿ. ಚಹಾ ಕುಡಿಯುವವರೆಗೆ ಬೂಸ್ಟರ್ ಮಾತೇ ಎತ್ತಗೊಡಲಿಲ್ಲ. ಆಮೇಲೆ ಆ ಅಜ್ಜಿ ಒಳಗಿನಿಂದ ಹೊಸ ಟವೆಲಿನಲ್ಲಿ ಸುತ್ತಿದ್ದನ್ನು ಎರಡೂ ಕೈಯಲ್ಲಿ ತಂದರು. ಬಿಚ್ಚಿದರೆ ಫಳಫಳ. ನಾನು ಕಡೆದು ಕೊಟ್ಟ ದಿನವೂ ಅದು ಅಷ್ಟು ಹೊಳೆದಿರಲಿಲ್ಲ. ಬಾಯಿಯ ಹತ್ತಿರ ಅರಿಶಿನ ಕುಂಕುಮ. ಪ್ಯಾರಾಚೂಟ್ ಇರುತ್ತಿದ್ದ ಮೇಲಿನ ಖಾನೆಯ ತುಂಬ ಒಣದ್ರಾಕ್ಷಿ.

"ಮೈಯೆಲ್ಲ ಮಸಿ ಆಗಿತ್ತಬೇ," ಎಂದರು ಅಜ್ಜಿ ಹುಡುಗಿಗೆ. "ಮಂದಿ ಸಾಮಾನ ಹೊಲಸ ಕೊಡಬಾರದು, ಬರಿದೂ ಕೊಡಬಾರದು. ಬೂದಿ ಹಚ್ಚಿ, ಇಟ್ಟಂಗಿ ಪುಡಿ ಹಚ್ಚಿ, ಎರಡ ತಾಸ ತಿಕ್ಕೀನಿ."

ಮಗ ಸೇರಿಸಿದ. "ಕೆಳಗಿನ ಮೂತಿ ಬಿಚ್ಚಿ ಒಳಗೂ ತೊಳದೀನ್ರಿ. ರಬ್ಬರ್ ರಿಂಗು ಸುಟ್ಟು ಚೂರಾಗಿತ್ತು, ತಿಪ್ಪಿಗೆ ಒಗದೆ. ನಮ್ಮ ಪಂಪಿಂದು ಹೊಸಾದು ಹಾಕೇನಿ, ಬರೋಬರಿ ಕುಂತೈತಿ."

ಹುಡುಗಿಯ ಮುಖ ನೋಡಲು ನನಗೆ ಧೈರ್ಯ ಬರಲಿಲ್ಲ. ಹಾರಿ ಬಂದ ಕೊಳವೆಯ ಮಸಿ ಎಂದರೆ ಅದರ ಜಾತಕ. ಉರಿದ ಅನಿಲ ಎಲ್ಲಿ ಸೋರಿದೆಯೋ ಅಲ್ಲಿ ಕರಿಗೆರೆ ಎಳೆದಿರುತ್ತದೆ. ಯಾರೂ ಮುಟ್ಟುವ ಮೊದಲೇ ಅದನ್ನು ಫೋಟೋ ತೆಗೆದುಕೊಳ್ಳಬೇಕು ಎಂದು ಅವಳು ಪಟ್ಟಿಯಲ್ಲಿ ಮೊದಲನೆಯದಾಗಿ ಬರೆದುಕೊಂಡಿದ್ದಳು. ಆ ಗೆರೆ ಈಗ ತಿಕೋಟಾದ ಯಾವುದೋ ಬಚ್ಚಲಲ್ಲಿ ಹರಿದುಹೋಗಿತ್ತು.

ಅವಳು ಎರಡು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, "ಭಾಳ ಚಲೋ ತೊಳದೀರಿ ಆಯಿ," ಎಂದಳು. ಆ ಒಂದು ಮಾತಿಗೆ ನನಗೆ ಅವಳ ಮೇಲೆ ಬೇರೆಯೇ ಗೌರವ ಬಂತು.

ವರ್ಕ್‌ಶಾಪಿನಲ್ಲಿ ಬೂಸ್ಟರಿನ ತಪಾಸಣೆ ಶುರುವಾಯಿತು. ಅಳತೆ ನೋಡಿದೆವು, ಎಲ್ಲೂ ಉಬ್ಬಿಲ್ಲ, ಡೊಂಕಿಲ್ಲ. ದಾರಕ್ಕೆ ತೂಗುಹಾಕಿ ಕಟ್ಟಿಗೆಯ ತುಂಡಿನಿಂದ ತಟ್ಟಿದೆ. ಸಂತೆಯಲ್ಲಿ ಗಡಿಗೆ ಆರಿಸುವಾಗ ಹೆಂಗಸರು ಬೆರಳ ಗೆಣ್ಣಿನಿಂದ ತಟ್ಟಿ ಕೇಳುತ್ತಾರಲ್ಲ, ಹಾಗೆ. ನಾದ ಒಡೆದಿರಲಿಲ್ಲ. ಕಾಕಾನ ಗ್ಯಾರೇಜಿನ ಪದ್ಧತಿಯಂತೆ ಒಳಗೆ ಸೀಮೆಎಣ್ಣೆ ಸವರಿ ಹೊರಗೆ ಸೀಮೆಸುಣ್ಣ ಬಳಿದು ಕಾದೆವು. ಬಿರುಕಿದ್ದರೆ ಎಣ್ಣೆ ಹೊರಗೆ ಬಂದು ಸುಣ್ಣದ ಮೇಲೆ ಒದ್ದೆ ಗೆರೆ ಮೂಡಬೇಕು. ಮೂಡಲಿಲ್ಲ.

ತಪಾಸಣೆಯ ಕಾಗದದಲ್ಲಿ ಒಂದೇ ಕಲಂ ಉಳಿಯಿತು: ಮಸಿಯ ಗುರುತು ಎಲ್ಲೆಲ್ಲಿ?

"ಇಲ್ಲ ಅಂತ ಬರಿಯವಾ," ಎಂದೆ. "ಉಳದದ್ದೆಲ್ಲ ಸರಿ ಐತಿ. ನಾ ಸಹಿ ಮಾಡತೀನಿ."

"ಇಲ್ಲ ಅಂತ ಹೆಂಗ ಬರೀಲ್ರಿ ಸರ್? ನಾವು ನೋಡೇ ಇಲ್ಲಲ್ಲ."

"ಹಂಗಾರ ಗೊತ್ತಿಲ್ಲ ಅಂತ ಬರಿ."

"ಗೊತ್ತಿಲ್ಲ ಅಂತ ಬರದು ಅದರಾಗ ಮತ್ತ ಮದ್ದ ತುಂಬೂದೇನ್ರಿ?"

ಹಳೆಯ ಇಂಜಿನ್ನು ಕೊಳ್ಳಲು ಬಂದವರಿಗೆ ಕಾಕಾ ಹೇಳುತ್ತಿದ್ದ ಮಾತು ನೆನಪಾಯಿತು: ಹೊಲಸ ಇಂಜಿನ್ನ ಖರೇ ಹೇಳತೈತಿ, ತೊಳದ ಇಂಜಿನ್ನ ಮಾರಾವ ಹೇಳಿಕೊಟ್ಟದ್ದ ಹೇಳತೈತಿ. ಆ ಮಾತು ಕೇಳಿ ಬೆಳೆದವನು ನಾನು, ಹೊಳಪು ನೋಡಿ ಸಹಿಗೆ ಪೆನ್ನು ತೆಗೆದಿದ್ದೆ. ಅವಳ ಪರೀಕ್ಷೆಯ ದಿನ ಹತ್ತಿರ ಬರುತ್ತಿದೆ ಎಂಬ ಕನಿಕರವೂ ಅದರಲ್ಲಿ ಸೇರಿತ್ತು. ಕನಿಕರದಿಂದ ಹಾಕಿದ ಸಹಿಗೆ ಬೆಂಕಿ ಹೆದರುವುದಿಲ್ಲ.

"ಮಸಿ ಹೋಗೈತಿ," ಎಂದೆ. "ತಿಕ್ಕಿದ ಕೈ ಅದಾವಲ್ಲ."

ಮರುದಿನ ಮತ್ತೆ ತಿಕೋಟಾಕ್ಕೆ ಹೋದೆವು. ಅಜ್ಜಿ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದರು. ಬೂಸ್ಟರ್ ಕಂಡೊಡನೆ ಮೊರ ಕೆಳಗಿಟ್ಟರು.

"ಯಾಕ್ರಿ, ಇನ್ನೂ ಎಲ್ಲ್ಯರ ಮಸಿ ಉಳದೈತೇನ್ರಿ?"

ಹುಡುಗಿ ಅವರ ಪಕ್ಕದಲ್ಲೇ ಕೂತಳು. "ಒಟ್ಟ ಉಳದಿಲ್ಲ ಆಯಿ. ಎಲ್ಲಿ ಭಾಳ ಇತ್ತು ಅಂತ ಕೇಳಾಕ ಬಂದೇವಿ. ಅದು ನಮಗ ಬೇಕಾಗಿತ್ತು."

"ಮಸಿ ಬೇಕಾಗಿತ್ತ?" ಅಜ್ಜಿ ನನ್ನತ್ತ ತಿರುಗಿದರು. "ಸಾಲಿ ಕಲಿತ ಮಂದಿ, ಫೋನಿನ್ಯಾಗ ಒಂದ ಮಾತ ಹೇಳಬಾರದೇನ್ರಿ? ನನ್ನ ರಟ್ಟಿ ಇನ್ನೂ ನೋಯಾಕತ್ತಾವ."

ಮಗ ಬಾಗಿಲಲ್ಲಿ ನಿಂತು ನಕ್ಕ. "ನಾಳೆ ನಮ್ಮವ್ವನ ಕಡೆ ಬೋಗುಣಿ ಮಸಿನೂ ಕೇಳಾಕ ಬರತಾರ ನೋಡ್ರಿ."

"ಸುಮ್ಮಕಿರಲೇ. ರಿಂಗ ತಿಪ್ಪಿಗೆ ಒಗದಾವ ನೀನ."

ನಗು ಮುಗಿದ ಮೇಲೆ ಹುಡುಗಿ ಬೂಸ್ಟರನ್ನು ಅವರ ತೊಡೆಯ ಮೇಲಿಟ್ಟಳು. ಅಜ್ಜಿ ಅದನ್ನು ಆ ಕಡೆ ಈ ಕಡೆ ತಿರುಗಿಸಿದರು, ಏನೂ ನೆನಪಿಗೆ ಬರಲಿಲ್ಲ. ಕೊನೆಗೆ ಬಚ್ಚಲ ಕಲ್ಲಿನ ಹತ್ತಿರ ಹೋಗಿ, ಅವತ್ತು ಕೂತ ಹಾಗೆಯೇ ಕೂತು, ಮೂತಿಯನ್ನು ಗೋಡೆಗೆ ಆನಿಸಿ, ಬರಿಗೈಯಲ್ಲೇ ತಿಕ್ಕತೊಡಗಿದರು. ಕೈ ಹೋಗುತ್ತ ಬರುತ್ತ ಇತ್ತು. ಕಣ್ಣು ಬೇರೆಲ್ಲೋ.

"ಈ ಅಂಕಿ ನನ್ನ ಎಡಗೈ ಕಡೆ ಇದ್ವು," ಎಂದರು, ಬರೆಸಿದ ಫೋನ್ ನಂಬರು ತೋರಿಸಿ. "ಈ ಮಗ್ಗಲ ಬೂದಿಗೇ ಹೋತು. ಈ ಮಗ್ಗಲ ಮಾತ್ರ... ತಡೀರಿ... ಇಲ್ಲಿ. ಮೂತಿ ಕಡಿಂದ ಒಂದ ಗೇಣ ಉದ್ದ, ಬೊಟ್ಟಿನಷ್ಟ ಅಗಲ. ರೊಟ್ಟಿ ಹಂಚಿನ ಬುಡಕ್ಕ ಹತ್ತಿದಂಗ ಹತ್ತಿತ್ತು. ಇದ ಒಂದಕ್ಕ ಇಟ್ಟಂಗಿ ಪುಡಿ ತಗೊಂಡೆ."

ಹುಡುಗಿ ಆ ಬೆರಳ ಸುತ್ತ ಸೀಮೆಸುಣ್ಣದಿಂದ ಗೆರೆ ಹಾಕಿದಳು. ಅಜ್ಜಿ ಮೆಲ್ಲಗೆ ಕೇಳಿದರು. "ತಪ್ಪಾತೇನಬೇ?"

"ನೀವು ತಿಕ್ಕಿದ್ದಕ್ಕ ಗೊತ್ತಾತ್ರಿ ಆಯಿ," ಎಂದಳು ಹುಡುಗಿ. ಅದು ಪೂರಾ ನಿಜವಲ್ಲ, ಪೂರಾ ಸುಳ್ಳೂ ಅಲ್ಲ.

ವರ್ಕ್‌ಶಾಪಿಗೆ ಬಂದು ಮೂತಿ ಬಿಚ್ಚಿದೆವು. ಸುಣ್ಣದ ಗುರುತಿನ ನೇರಕ್ಕೆ ಒಳಗೆ, ಅನಿಲ ಸೋರದಂತೆ ತಡೆಯುವ ರಬ್ಬರ್ ರಿಂಗು ಕೂರುವ ಜಾಗದಲ್ಲಿ, ಉಗುರು ಆಡಿಸಿದೆ. ಮೂರನೆಯ ಸಲಕ್ಕೆ ಸಿಕ್ಕಿಕೊಂಡಿತು. ಅನಿಲ ರಿಂಗನ್ನು ದಾಟಿ, ಮೂತಿಯ ಸಂದಿಯಿಂದ ಹೊರಗೆ ಸೋರುತ್ತ, ಒಳಗೋಡೆಯಲ್ಲಿ ಕೂದಲೆಳೆಯಷ್ಟು ಕಾಲುವೆ ಕೊರೆದಿತ್ತು. ಗೋಡೆಯ ಆಚೆಗೆ ತೂತು ಬಿದ್ದಿರಲಿಲ್ಲ, ಹಾಗಾಗಿ ಸೀಮೆಎಣ್ಣೆಗೆ ಸಿಕ್ಕಿರಲಿಲ್ಲ. ಹೊಸ ರಿಂಗು ಹಾಕಿ, ಕೊಳವೆಗೆ ನೀರು ತುಂಬಿ, ಕೈಪಂಪಿನಿಂದ ಒತ್ತಡ ಏರಿಸಿದೆವು. ಮದ್ದು ಉರಿಯುವಾಗಿನ ಒತ್ತಡ ಮುಟ್ಟುವ ಮೊದಲೇ ಆ ಜಾಗದಿಂದ ನೀರಿನ ಒಂದು ಹನಿ ಹೊರಬಂದು ನಿಂತಿತು. ಅದರ ಹಿಂದೆ ಇನ್ನೊಂದು. ಬೆಂಕಿಯೇ ಆಗಿದ್ದರೆ ಅದೇ ದಾರಿ ಹಿಡಿದು ಕೊಳವೆಯನ್ನು ಸೀಳುತ್ತಿತ್ತು.

ಹುಡುಗಿ ಕಾಗದದ ಖಾಲಿ ಕಲಂ ತುಂಬಿದಳು. ಕೆಳಗೆ 'ಹಾರಿಸಲು ಯೋಗ್ಯವಲ್ಲ' ಎಂದು ಬರೆದು ಪೆನ್ನು ಮುಚ್ಚಿದಳು. ಅಳಲಿಲ್ಲ. ಒರೆಸುವ ಬಟ್ಟೆ ತೆಗೆದುಕೊಂಡು ನೆಲದ ನೀರು ಒರೆಸಿದಳು.

ನಾನು ಕೊಳವೆಯನ್ನು ಎತ್ತಿ ನೋಡುತ್ತ ಕೂತೆ. ಕೆಟ್ಟದ್ದು ಕೆಳತುದಿ ಮಾತ್ರ.

"ಎರಡ ಬೆರಳಷ್ಟ ಕತ್ತರಿಸಿ ಒಗದು, ರಿಂಗಿನ ಜಾಗಾ ಹೊಸಾದು ಕಡದ್ರ?"

ಅವಳು ಬಹಳ ಹೊತ್ತು ಲೆಕ್ಕ ಹಾಕಿದಳು. ಉದ್ದ ಕಡಿಮೆಯಾದರೆ ಮದ್ದು ಕಡಿಮೆ, ಮದ್ದು ಕಡಿಮೆಯಾದರೆ ಎತ್ತರ ಕಡಿಮೆ. ಆಮೇಲೆ ಕೇಳಿದಳು. "ಆದ್ರ ಅದ ಬೂಸ್ಟರ್ ಮತ್ತ ಹಾರ್ತು ಅಂತ ಹೇಳಾಕ ಬರತೈತೇನ್ರಿ ಸರ್?"

"ಬಟ್ಟಿ ಅಂಗಡಿಯವ್ರ ಮಗಳು ನೀ. ಹರದ ಅಂಚ ಕತ್ತರಿಸಿ ಮಡಚಿ ಹೊಲದ್ರ ಸೀರಿ ಬ್ಯಾರೆ ಆಕ್ಕೈತೇನ?"

"ಗಿಡ್ಡ ಆಕ್ಕೈತ್ರಿ."

"ಗಿಡ್ಡ ಆಗೈತಿ ಅಂತ ಬರಿ ಮತ್ತ."

ಬರೆದಳು. ನಾನು ಕಡೆದೆ. ಈ ಸಲ ನೀರಿನ ಪರೀಕ್ಷೆಯಲ್ಲಿ ಒತ್ತಡ ತೋರಿಸುವ ಮುಳ್ಳು ಬೇಕಾದ ಗೆರೆಯನ್ನು ದಾಟಿ ನಿಂತಿತು. ಅರ್ಧ ತಾಸು ನಾವಿಬ್ಬರೂ ಅದನ್ನೇ ನೋಡಿದೆವು. ಮುಳ್ಳು ಅಲುಗಲಿಲ್ಲ, ಹನಿ ಕಾಣಲಿಲ್ಲ. ಮೊದಲು ಅವಳು ಸಹಿ ಮಾಡಿದಳು, ಆಮೇಲೆ ನಾನು.

ಕಾಲೇಜಿನ ಪರೀಕ್ಷೆಗೆ ಐದು ದಿನ ಇರುವಾಗ ಅದೇ ಬಯಲಿನಿಂದ ಅದು ಎರಡನೆಯ ಸಲ ಹಾರಿತು. ಮೊದಲಿನಷ್ಟು ಎತ್ತರ ಹೋಗಲಿಲ್ಲ. ಹೋಗುವುದಿಲ್ಲ ಎಂದು ಅವಳು ಮೊದಲೇ ಬರೆದಿದ್ದಳು. ಗಾಳಿಯಿರಲಿಲ್ಲ. ಬೂಸ್ಟರ್ ನಮ್ಮ ಕಣ್ಣೆದುರಿಗೇ ಜೋಳದ ಕೂಳೆಯಲ್ಲಿ ಇಳಿಯಿತು. ಹುಡುಗಿ ಓಡಿಹೋಗಿ, ಮುಟ್ಟದೆ, ಸುತ್ತಲೂ ಮಂಡಿಯೂರಿ ಫೋಟೋ ತೆಗೆದಳು. ಮಸಿ ಸುತ್ತಲೂ ಸಮನಾಗಿತ್ತು, ಗೆರೆ ಇರಲಿಲ್ಲ. ಅವಳು ಮೇಲೆ ನೋಡಿದಾಗ ಮುಖದಲ್ಲಿ ಬೆವರು, ಮಣ್ಣು, ನಗು ಎಲ್ಲ ಕೂಡಿತ್ತು.

"ಸರ್, ಮೂರನೇ ಸಲ?"

"ತಣ್ಣಗಾಗಲಿ ಯವ್ವಾ," ಎಂದೆ. "ಮೊದಲ ಬಿಚ್ಚಿ ನೋಡೂಣು."