ನೀಲಗಂಗಮ್ಮನ ಬೆಚ್ಚನೆಯ ಕ್ಯಾರವಾನ್

ನೀಲಗಂಗಮ್ಮನಿಗೆ ಬೆಳಗಾಗುವುದೇ ಬೆರಳುಗಳಿಂದ. ಎದ್ದ ಕೂಡಲೇ ಪುಟ್ಟ ಪಾತ್ರೆಯಲ್ಲಿ ನೀರು ಬಿಸಿ ಮಾಡಿ, ಎಡಗೈ ಅದ್ದಿ, ರಾತ್ರಿಯೆಲ್ಲ ಮುಚ್ಚಿಕೊಂಡಿದ್ದ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಾಳೆ. ಹೆಬ್ಬೆರಳಿಗೆ ‘ನ’, ತೋರುಬೆರಳಿಗೆ ‘ಮಃ’, ಆಮೇಲೆ ‘ಶಿ’, ‘ವಾ’. ಕಿರುಬೆರಳು ಹಟಮಾರಿ, ‘ಯ’ ಎಂದು ಅದಕ್ಕೆ ಎರಡೆರಡು ಸಲ ಹೇಳಬೇಕು. ಐದೂ ಬಿಡಿಸಿಕೊಂಡರೆ ಅಂಗೈ ಹರಡುತ್ತದೆ. ಅಂಗೈ ಹರಡಿದರೆ ಅದರ ಮೇಲೆ ಇಷ್ಟಲಿಂಗ ಕೂರುತ್ತದೆ, ಪೂಜೆ ಸಾಗುತ್ತದೆ. ಕೀಲುವಾತ ಬಂದ ಮೇಲೆ ಈ ಕ್ರಮ ಒಂದು ದಿನವೂ ತಪ್ಪಿಲ್ಲ. ಮಗಳ ಮದುವೆಯ ಬೆಳಿಗ್ಗೆಯೂ ತಪ್ಪಿರಲಿಲ್ಲ. ಮಳೆನೀರು ಮನೆಗೆ ನುಗ್ಗಿ ಮಂಚದ ಮೇಲೆ ಸ್ಟವ್ ಇಟ್ಟುಕೊಂಡಿದ್ದ ದಿನವೂ ತಪ್ಪಿರಲಿಲ್ಲ.

ಅವಳ ಮನೆ ಇರುವುದು ವಡಪಳನಿಯಲ್ಲಿ, ಸ್ಟುಡಿಯೋಗಳ ಹಿಂದಿನ ಒಂದು ಗಲ್ಲಿಯಲ್ಲಿ. ಮನೆಗೆ ಅಂಟಿಕೊಂಡೇ ಗಂಡ ಮಹಾಲಿಂಗಪ್ಪನ ತಗಡಿನ ಶೆಡ್ಡು. ಮಹಾಲಿಂಗಪ್ಪನ ತಂದೆ ದಾವಣಗೆರೆ ಕಡೆಯಿಂದ ಬಂದು ಸ್ಟುಡಿಯೋದಲ್ಲಿ ಲೈಟು ಹೊತ್ತವರು. ಮಗ ವೈರಿಂಗ್ ಕಲಿತು ಕ್ಯಾರವಾನ್ ಕಟ್ಟುವವನಾದ. ಶೂಟಿಂಗ್ ನಡೆಯುವಲ್ಲೆಲ್ಲ ನಟನಟಿಯರ ಜೊತೆ ಹೋಗುವ ಚಕ್ರದ ಮೇಲಿನ ಕೋಣೆ ಅದು. ಅಲ್ಲೇ ಮೇಕಪ್ಪು, ಅಲ್ಲೇ ಊಟ, ಅಲ್ಲೇ ಒಂದು ಗಳಿಗೆಯ ನಿದ್ದೆ. ಗಂಡ ಅದಕ್ಕೆ ವೈರು ಎಳೆದು ಎ.ಸಿ. ಕೂರಿಸಿದರೆ, ಹೆಂಡತಿ ಪರದೆ, ಸೀಟು, ಹಾಸಿಗೆ ಹೊಲಿಯುತ್ತಾಳೆ. ಹೊರಗೆ ಚೆನ್ನೈಯ ಬಿಸಿಲು ಉರಿಯುತ್ತಿದ್ದರೆ ಒಳಗೆ ಮೈ ತಣ್ಣಗಾಗಬೇಕು. ಅವರ ಕಸುಬೆಂದರೆ ಇಷ್ಟೇ.

ಅಂಥ ಶೆಡ್ಡಿಗೆ ಒಂದು ದಿನ ಶಂಕರನಾರಾಯಣ ಬಂದರು. ಉಡುಪಿ ಕಡೆಯ ಹೋಟೆಲ್ ಮನೆತನದವರು. ಈಗ ಕ್ಯಾರವಾನ್‌ಗಳನ್ನು ಸಿನಿಮಾದವರಿಗೆ ಬಾಡಿಗೆಗೆ ಕೊಡುತ್ತಾರೆ.

“ಮಹಾಲಿಂಗಪ್ಪ, ಒಂದು ಕ್ಯಾರವಾನ್ ವಂಡಿ ಬೆಚ್ಚಗೆ ಮಾಡಿ ಕೊಡಿ ಮಾರಾಯ್ರೆ. ಫೆಬ್ರವರಿಯಲ್ಲಿ ಹಿಮಾಚಲದಲ್ಲಿ ಶೂಟಿಂಗ್ ಉಂಟು. ಗ್ಯಾಸ್ ಬೇಡ, ಡೀಸೆಲ್ ಹೊಗೆ ಬೇಡ. ಎಲ್ಲ ಕರೆಂಟಿನಲ್ಲೇ ಆಗ್ಬೇಕು.”

ಮಹಾಲಿಂಗಪ್ಪ ಜೋರಾಗಿ ನಕ್ಕ. “ಬೆಚ್ಚಗೆ ಬೇಕು ಅಂದ್ರೆ ಎ.ಸಿ. ಆಫ್ ಮಾಡಿದ್ರೆ ಆಯ್ತಲ್ಲ ಸಾರ್! ಹುಟ್ಟಿದಾಗಿಂದ ಯಾರೂ ನನ್ನ ಹತ್ರ ಸೆಕೆ ಕೇಳಿಲ್ಲ.”

“ಅದು ಇಲ್ಲಿಯ ಕತೆ. ಅಲ್ಲಿ ಬಕೆಟ್ ನೀರು ಕಲ್ಲಾಗ್ತದೆ. ಮೊದಲು ಎಲ್ಲಾದ್ರೂ ಚಳಿ ಇರುವ ಕಡೆ ಕೊಂಡುಹೋಗಿ ಟ್ರಯಲ್ ನೋಡಿ. ಡೀಸೆಲ್ ನಂದು, ಡ್ರೈವರ್ ಮೋಹನ್‌ನ ಕಳಿಸ್ತೇನೆ. ಊಟಿಗೆ ಹೋಗ್ತೀರಾ?”

ಮೂಲೆಯಲ್ಲಿ ಓಡುತ್ತಿದ್ದ ಹೊಲಿಗೆ ಮೆಷಿನ್ ನಿಂತಿತು.

“ಊಖೀಮಠ,” ಎಂದಳು ನೀಲಗಂಗಮ್ಮ.

“ಅದು ಎಲ್ಲಿ ಬಂತು ಅಕ್ಕ?”

“ಹಿಮಾಲಯ. ಅಲ್ಲಿ ಚಳಿ ಸಾಕಾ ನಿಮಗೆ?”

ಕೇದಾರವನ್ನು ನೋಡಬೇಕೆನ್ನುವುದು ಅವಳ ಬಹುಕಾಲದ ಆಸೆ. ಆದರೆ ಬೇಸಿಗೆಯಲ್ಲಿ ಬೆಟ್ಟ ಹತ್ತಲು ಅವಳ ಮೊಣಕಾಲು ಒಪ್ಪುವುದಿಲ್ಲ. ಚಳಿಗಾಲ ಬಂದು ಮೇಲಿನ ಗುಡಿ ಹಿಮದಲ್ಲಿ ಮುಚ್ಚಿದಾಗ ಸ್ವಾಮಿಯೇ ಪಲ್ಲಕ್ಕಿಯಲ್ಲಿ ಊಖೀಮಠಕ್ಕೆ ಇಳಿದುಬರುತ್ತಾನೆ, ಅಲ್ಲಿಯವರೆಗೂ ರಸ್ತೆಯಿದೆ. ಕಾಲಿನ ತೊಂದರೆ ಹೀಗೆ ಕಳೆದರೆ ಕೈಯ ತೊಂದರೆ ಎದುರಾಗುತ್ತದೆ. ಟಿ. ನಗರದ ಸೀರೆ ಅಂಗಡಿಯ ಎ.ಸಿ.ಗೇ ಅವಳ ಬೆರಳುಗಳು ಮೊಗ್ಗಿನಂತೆ ಮುಚ್ಚಿಕೊಳ್ಳುತ್ತವೆ. ಮಗಳ ಮದುವೆಯ ಸೀರೆಗಳನ್ನು ಬಾಗಿಲಾಚೆ ತರಿಸಿಕೊಂಡು, ಬಿಸಿಲಲ್ಲಿ ನಿಂತು ಆರಿಸಿದವಳು ಅವಳು. ಹಿಮಾಲಯದಲ್ಲಿ ಆ ಕೈ ತೆರೆಯದಿದ್ದರೆ ಪೂಜೆಯಿಲ್ಲ. ಪೂಜೆ ಮಾಡದೆ ಅವಳು ಹನಿ ನೀರೂ ಮುಟ್ಟುವುದಿಲ್ಲ. ಕೇದಾರಸ್ವಾಮಿಯ ಬಾಗಿಲಿಗೆ ಹೋಗಿ, ಅಂಗೈಯ ಸ್ವಾಮಿಯನ್ನು ಕೂರಿಸಲಾಗದೆ ಹಿಂದಿರುಗುವುದು ಅವಳಿಂದಾಗದ ಮಾತು.

ಭಾನುವಾರ ಬಂದ ಮಗಳು ಸೌಂದರ್ಯಾ ಸುದ್ದಿ ಕೇಳಿ ಹಣೆ ಚಚ್ಚಿಕೊಂಡಳು. ಅವಳು ನುಂಗಂಬಾಕ್ಕಂನಲ್ಲಿ ಆಫೀಸಿಗೆ ಹೋಗುವವಳು. ತಾಯಿ ಕನ್ನಡದಲ್ಲಿ ಕೇಳಿದ್ದಕ್ಕೆ ಅರ್ಧ ತಮಿಳಿನಲ್ಲಿ ಉತ್ತರಿಸುವವಳು.

“ಅಮ್ಮಾ, ನಿಂಗೇನು ಪೈತ್ಯಮಾ, ಹುಚ್ಚಾ? ಫ್ರಿಜ್ಜಿಂದ ಹಾಲು ತೆಗೆಯೋಕೆ ನನ್ನ ಕರೀತೀಯ, ಹಿಮಾಲಯಕ್ಕೆ ಹೋಗ್ತೀಯಾ?”

“ಫ್ರಿಜ್ಜಲ್ಲಿ ನಿಮ್ಮಪ್ಪ ಹೀಟರ್ ಇಟ್ಟಿಲ್ಲವಲ್ಲೇ.”

“ಸರಿ, ಮೊದ್ಲು ಇಲ್ಲೇ ಟೆಸ್ಟ್ ಮಾಡಿ ತೋರ್ಸು. ಚಳೀಲಿ ಕೈ ಓಪನ್ ಆದ್ರೆ ಹೋಗು. ಆಗ್ಲಿಲ್ಲಾಂದ್ರೆ ಪೇಚ್ಚೇ ಇಲ್ಲ, ಆ ಮಾತೇ ಎತ್ಬೇಡ.”

“ಆಗಲಿ. ಅಂಗೈ ಬಿಚ್ಚದೆ ಇದ್ರೆ ನಾನೇ ಹೊರಡಲ್ಲ,” ಎಂದಳು ತಾಯಿ.

ಚೆನ್ನೈಯಲ್ಲಿ ಚಳಿಯನ್ನು ಎಲ್ಲಿಂದ ತರುವುದು? ಆ ದಾರಿಯನ್ನು ಶಂಕರನಾರಾಯಣರೇ ತೋರಿಸಿದರು. ಅವರ ಹೋಟೆಲಿಗೆ ಹಣ್ಣು ಹಾಕುವ ಸಾಹುಕಾರರೊಬ್ಬರ ಕೋಲ್ಡ್ ಸ್ಟೋರೇಜ್ ಮಾಧವರಂ ಕಡೆ ಇತ್ತು. ಲಾರಿಗಳೇ ಒಳಗೆ ಬಂದು ನಿಲ್ಲುವಂಥ ದೊಡ್ಡ ತಣ್ಣನೆಯ ಹಜಾರ. ಒಂದು ಮೂಲೆಯಲ್ಲಿ ಕ್ಯಾರವಾನ್ ನಿಲ್ಲಿಸಿಕೊಳ್ಳಲು ಅವರು ಒಪ್ಪಿದರು.

ಅಷ್ಟರಲ್ಲಿ ಗಂಡಹೆಂಡತಿ ವಂಡಿಯನ್ನು ಸಜ್ಜು ಮಾಡಿದ್ದರು. ಕೋಡಂಬಾಕ್ಕಂನಲ್ಲಿ ಹಳೆಯ ಡಬ್ಬಿಂಗ್ ಥಿಯೇಟರ್ ಒಂದನ್ನು ಕೆಡವುತ್ತಿದ್ದರು. ರಸ್ತೆಯ ಸದ್ದು ಒಳಬರದಂತೆ ಅದರ ಗೋಡೆಗಳಿಗೆ ಹಾಕಿದ್ದ ದಪ್ಪ ಉಣ್ಣೆಯ ಹಾಸುಗಳನ್ನು ಮಹಾಲಿಂಗಪ್ಪ ಆಟೋದಲ್ಲಿ ಹೇರಿಕೊಂಡು ತಂದ. ನೀಲಗಂಗಮ್ಮ ಅವುಗಳ ಧೂಳು ಕೊಡವಿ, ಒಣಗಿಸಿ, ಹೊಸ ಬಟ್ಟೆಯ ಹೊದಿಕೆ ಹೊಲಿದಳು. ಗೋಡೆ, ನೆಲ, ಬಾಗಿಲು, ಕಿಟಕಿ ಎಲ್ಲಕ್ಕೂ ಆ ಹಾಸುಗಳದೇ ಹೊದಿಕೆ. ಡ್ರೈವರ್ ಸೀಟಿನ ಹಿಂದೆ ಅದರದೇ ಭಾರಿ ಪರದೆ. ಊದುಬತ್ತಿ ಹಚ್ಚಿಕೊಂಡು ಮೂಲೆಮೂಲೆಗೂ ಹಿಡಿದು ನೋಡಿದಳು. ಹೊಗೆ ವಾಲಿದ ಕಡೆ ಗಾಳಿ ನುಸುಳುತ್ತಿದೆ ಎಂದು ಅರ್ಥ. ಅಲ್ಲೆಲ್ಲ ಬಟ್ಟೆಯ ಬತ್ತಿ ತುರುಕಿದಳು. ಉಸಿರಾಡಲು ಚಾವಣಿಯಲ್ಲಿ ಒಂದು ಗಾಳಿಕಿಂಡಿ ಮಾತ್ರ ಉಳಿಯಿತು.

“ದೇವರ ಮುಂದೆ ಹಚ್ಚೋದನ್ನ ಗಾಳಿ ಸೋರುತ್ತಾ ಅಂತ ನೋಡೋಕೆ ಹಚ್ತೀಯಲ್ಲೇ,” ಎಂದ ಗಂಡ.

“ದೇವರ ಹತ್ರ ಹೋಗೋಕೇ ತಾನೆ? ಅವನೇನೂ ಬೇಜಾರ್ ಮಾಡ್ಕೊಳ್ಳಲ್ಲ. ನೀವು ಸ್ಕ್ರೂ ಹಾಕಿ.”

ಕೋಲ್ಡ್ ಸ್ಟೋರೇಜಿನ ಬಾಗಿಲು ಸರಿದಾಗ ಸೇಬಿನ ವಾಸನೆ ಮುಖಕ್ಕೆ ಬಡಿಯಿತು. ಮಂಕಿ ಕ್ಯಾಪ್ ಹಾಕಿಕೊಂಡಿದ್ದ ಕೂಲಿಯಾಳುಗಳು ಇವರನ್ನು ನೋಡಿ ನಕ್ಕರು. ನೀಲಗಂಗಮ್ಮ ಶಾಲು ಸುತ್ತಿಕೊಂಡು ಕ್ಯಾರವಾನಿನ ಮಂಚದ ಮೇಲೆ ಕುಳಿತಳು. ಮಹಾಲಿಂಗಪ್ಪ ದಪ್ಪ ಕೇಬಲ್ ಎಳೆದು ಹೀಟರ್‌ಗಳನ್ನು ಹಾಕಿದ. ಸೌಂದರ್ಯಾ ಬಾಗಿಲ ಬಳಿ ಪರೀಕ್ಷಕಿಯಂತೆ ನಿಂತಳು.

ಸ್ವಲ್ಪ ಹೊತ್ತಿಗೇ ನೀಲಗಂಗಮ್ಮನ ಹಣೆಯಲ್ಲಿ ಬೆವರು. ಮಹಾಲಿಂಗಪ್ಪನ ಮುಖ ಅರಳಿತು. “ಹೆಂಗೆ? ಸೆಕೆ ಆಗ್ತಿದೆಯಾ?”

“ಕುತ್ತಿಗೆಯಿಂದ ಮೇಲೆ ಏಪ್ರಿಲ್ ತಿಂಗಳು ರೀ. ಮೊಣಕಾಲಿಂದ ಕೆಳಗೆ ಐಸ್ ಫ್ಯಾಕ್ಟರಿ.”

ಅವನು ಬಗ್ಗಿ ನೆಲ ಮುಟ್ಟಿದ, ಕೊರೆಯುತ್ತಿತ್ತು. ಎದ್ದು ನಿಂತ, ತಲೆ ಸುಟ್ಟಿತು. ಆಗ ಹೊಳೆಯಿತು. ಜೀವನವಿಡೀ ಎ.ಸಿ. ಕೂರಿಸಿದ ಕೈ ಹೀಟರ್‌ಗಳನ್ನೂ ಅಭ್ಯಾಸಬಲದಿಂದ ಚಾವಣಿಗೇ ಕೂರಿಸಿತ್ತು. ತಣ್ಣನೆಯ ಗಾಳಿ ಮೇಲಿಂದ ಇಳಿಯುತ್ತದೆ, ಬಿಸಿಗಾಳಿ ಇಳಿಯುವುದಿಲ್ಲ. ಮನೆಯ ಪಾಯಸದ ಹಬೆ ನೋಡಿದ ಯಾರಿಗಾದರೂ ಗೊತ್ತಿರುವುದು ಅವನ ಕೈಗೆ ಗೊತ್ತಿರಲಿಲ್ಲ.

ಸಂಕೋಚ ಮುಚ್ಚಿಕೊಳ್ಳಲು, “ಒಂದು ಟೀ ಕುಡಿಯೋಣ,” ಎಂದು ಕೆಟಲ್ ಸ್ವಿಚ್ ಒತ್ತಿದ. ಟಪ್ಪೆಂದು ಎಲ್ಲ ಆರಿ ಕತ್ತಲಾಯಿತು. ಹೀಟರ್, ಕೆಟಲ್ ಎರಡನ್ನೂ ಒಂದೇ ಲೈನ್ ತಾಳಲಿಲ್ಲ. ಕತ್ತಲಲ್ಲಿ ಮೊದಲು ನಕ್ಕವಳು ನೀಲಗಂಗಮ್ಮ. ಆಮೇಲೆ ಸೌಂದರ್ಯಾ, ಕೊನೆಗೆ ಅವನೂ. ಹೊರಗಿದ್ದ ಕೂಲಿಗಳು ಏನಾಯಿತೆಂದು ಓಡಿಬಂದರು.

ಆದರೆ ದೀಪ ಬಂದಾಗ ಅವಳ ಎಡಗೈ ಮುಚ್ಚಿತ್ತು. ಎಷ್ಟು ಹೇಳಿದರೂ ‘ಶಿ’ಯ ಬೆರಳೇ ಏಳಲಿಲ್ಲ. ಸೌಂದರ್ಯಾ ತಾಯಿಯ ಕೈಯನ್ನು ತನ್ನ ಕೈಗಳ ನಡುವೆ ಇಟ್ಟುಕೊಂಡು, ಹೊರಗೆ ನಿಲ್ಲಿಸಿದ್ದ ತನ್ನ ಕಾರಿನವರೆಗೆ ಬಂದಳು.

ಮನೆಗೆ ಬಂದ ಮಹಾಲಿಂಗಪ್ಪ ಊಟ ಸರಿಯಾಗಿ ಮಾಡಲಿಲ್ಲ. ಮರುದಿನದಿಂದ ಎಲ್ಲವನ್ನೂ ತಲೆಕೆಳಗು ಮಾಡಿದ. ಚಾವಣಿಯ ಹೀಟರ್‌ಗಳು ಇಳಿದವು. ನೆಲಕ್ಕೆ ಹತ್ತಿರವಾಗಿ, ಮಂಚದ ಎದುರು, ಎಣ್ಣೆ ತುಂಬಿದ ಹೀಟರ್ ಬಂತು. ಒಮ್ಮೆ ಕಾದರೆ ಬೇಗ ಆರದಂಥದು. ಹಾಸಿಗೆಯ ಕೆಳಗೆ ಕಡಿಮೆ ಕರೆಂಟು ತಿನ್ನುವ ಬಿಸಿ ಹಾಸು ಬಂತು. ಹೀಟರ್‌ಗೂ ಕೆಟಲ್‌ಗೂ ಸೇರಿ ಒಂದೇ ಸ್ವಿಚ್ಚು: ಆ ಕಡೆ ಒತ್ತಿದರೆ ಟೀ, ಈ ಕಡೆ ಒತ್ತಿದರೆ ಬಿಸಿ. “ಟೀ ಬೇಕಾದವರು ಅಷ್ಟು ಹೊತ್ತು ಚಳಿ ತಡ್ಕೋಬೇಕು,” ಎಂದು ಅವನು ಕಾನೂನು ಮಾಡಿದ.

ಎರಡನೆಯ ಸಲ ಸೇಬಿನ ಹಜಾರದಲ್ಲಿ ಕುಳಿತಾಗ ನೀಲಗಂಗಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಬಿಸಿ ಮೊದಲು ಪಾದಕ್ಕೆ ಬಂತು, ಆಮೇಲೆ ಮಡಿಲಿಗೆ, ಆಮೇಲೆ ಕೈಗೆ. ಕಿರುಬೆರಳೂ ಒಂದೇ ಕರೆಗೆ ಎದ್ದಿತು. ಅಂಗೈ ಹರಡಿ ಮಗಳ ಮೂಗಿನ ಕೆಳಗೆ ಹಿಡಿದಳು. “ನೋಡಮ್ಮ, ಪಾಸೋ ಫೇಲೋ?”

ಸೌಂದರ್ಯಾ ಆ ಅಂಗೈಗೆ ತನ್ನ ಕೆನ್ನೆ ಒತ್ತಿದಳು. “ಪೋಯಿಟ್ ವಾ ಅಮ್ಮಾ. ಹೋಗಿ ಬಾ.”

ಡಿಸೆಂಬರಿನಲ್ಲಿ ಹೊರಟರು. ಮೋಹನ್ ಹಗಲೆಲ್ಲ ಓಡಿಸಿ ಸಂಜೆ ಯಾವುದಾದರೂ ಡಾಬಾದ ಬಳಿ ನಿಲ್ಲಿಸುತ್ತಿದ್ದ. ದಾರಿಯುದ್ದಕ್ಕೂ ಹೊಲಗಳ ಬಣ್ಣ ಬದಲಾಯಿತು, ರೊಟ್ಟಿಯ ದಪ್ಪ ಬದಲಾಯಿತು, ಜನ ಹೊದ್ದ ಕಂಬಳಿಗಳು ದೊಡ್ಡದಾದವು. ಬೆಟ್ಟದ ರಸ್ತೆ ಸುತ್ತಿ ಸುತ್ತಿ ಒಂದು ಸಂಜೆ ಊಖೀಮಠ ತಲುಪಿದಾಗ ಎದುರಿನ ಹಿಮದ ಶಿಖರಗಳ ಮೇಲೆ ಕಡೆಯ ಬಿಸಿಲು ಬಿದ್ದಿತ್ತು. ನೀಲಗಂಗಮ್ಮ ಮುಚ್ಚಿದ ಕೈಗಳನ್ನೇ ಎತ್ತಿ ಕಿಟಕಿಯಿಂದ ಮುಗಿದಳು.

ಗುಡಿಯ ಹತ್ತಿರದ ಲಾಡ್ಜಿನ ಅಂಗಳದಲ್ಲಿ ವಂಡಿ ನಿಲ್ಲಿಸಿ ಕೇಬಲ್ ಎಳೆದರು. ಊರೆಲ್ಲ ಒಟ್ಟಿಗೇ ಹೀಟರ್ ಹಾಕುವ ಹೊತ್ತು. ವೋಲ್ಟೇಜ್ ಕುಸಿದು ದೀಪಗಳು ಮಂಕಾದವು. ಮಹಾಲಿಂಗಪ್ಪ ಮೀಟರ್ ಹಿಡಿದು ನೋಡಿ ಪೆಚ್ಚಾದ.

“ಹೀಟರ್ ಅರ್ಧ ಬಿಸಿನೂ ಕೊಡ್ತಿಲ್ಲ ನೀಲಾ. ಲಾಡ್ಜಲ್ಲಿ ರೂಮ್ ಮಾಡ್ಲಾ?”

“ಅರ್ಧ ಕೊಟ್ಟಿದ್ದನ್ನ ನನ್ನ ಹಾಸುಗಳು ಹೊರಗೆ ಬಿಡಲ್ಲ. ಪರದೆ ಎಳೀರಿ.”

ಮೋಹನ್ ಲಾಡ್ಜಿಗೆ ಹೋಗಿ ಮಲಗಿದ. ಮಹಾಲಿಂಗಪ್ಪ ಪರದೆ ಎಳೆದು, ಹಾಸಿಗೆಯ ಸ್ವಿಚ್ ಒತ್ತಿದ. ಮಂದ ಬಿಸಿಯೊಂದು ಒಳಗೇ ಕೂಡಿಕೊಳ್ಳತೊಡಗಿತು, ಎಲ್ಲಿಗೂ ಹೋಗಲಿಲ್ಲ. ಪ್ರಯಾಣದ ದಣಿವು ಸೇರಿ ಇಬ್ಬರಿಗೂ ಗಾಢ ನಿದ್ದೆ.

ಎಚ್ಚರವಾದಾಗ ನೀಲಗಂಗಮ್ಮನಿಗೆ ಮೊದಲು ಅರಿವಾದದ್ದು ಕೈ. ನೀರು ಬಿಸಿ ಮಾಡುವ ಮೊದಲೇ ಅದು ಕಂಬಳಿಯ ಮೇಲೆ ಸಲೀಸಾಗಿ ಬಿಡಿಸಿಕೊಂಡು ಬಿದ್ದಿತ್ತು. ಎದ್ದು ಮೈ ತೊಳೆದು, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಕುಳಿತಳು. ಇಷ್ಟು ನಿರಾಳವಾದ ಪೂಜೆ ವಡಪಳನಿಯಲ್ಲೂ ಆಗಿರಲಿಲ್ಲ. ಬೆರಳುಗಳನ್ನು ಕಾಯುವ ಕೆಲಸವಿಲ್ಲದ್ದರಿಂದ ಮನಸ್ಸೆಲ್ಲ ಸ್ವಾಮಿಗೇ ಸಿಕ್ಕಿತು. ಮುಗಿಸಿ, ಕಿಟಕಿಯ ಹಾಸು ಸರಿಸಿದಳು. ಬಿಸಿಲು ಕಣ್ಣಿಗೆ ಹೊಡೆಯಿತು. ಗಾಜಿನಾಚೆ ಮೋಹನ್ ಎರಡೂ ಕೈ ಬೀಸುತ್ತ ಏನೋ ಕೂಗುತ್ತಿದ್ದ. ಬಾಯಿ ಆಡುತ್ತಿತ್ತು, ಸದ್ದಿಲ್ಲ.

ಬಾಗಿಲು ತೆಗೆದ ಮೇಲೆ ಕೇಳಿಸಿತು. “ಅಮ್ಮಾ! ಬೆಳಗಿನ ಆರತಿ ಮುಗ್ದೇ ಹೋಯ್ತು! ಊರೇ ನಡುಗೋ ಹಾಗೆ ಗಂಟೆ ಬಾರಿಸಿದ್ರು, ಡೋಲು ಬಾರಿಸಿದ್ರು. ನಾನು ಬಾಗಿಲು ತಟ್ಟಿ ತಟ್ಟಿ ಕೈ ಊದ್ಕೊಂಡಿದೆ!”

ಗಂಡಹೆಂಡತಿ ಮುಖಮುಖ ನೋಡಿಕೊಂಡರು. ಡಬ್ಬಿಂಗ್ ಥಿಯೇಟರಿನ ಹಾಸು. ಕೋಡಂಬಾಕ್ಕಂನ ಆರ್ಕಾಟ್ ರಸ್ತೆಯ ಬಸ್ಸುಗಳ ಸದ್ದನ್ನು ವರ್ಷಗಟ್ಟಲೆ ಹೊರಗಿಟ್ಟದ್ದು, ಕೇದಾರಸ್ವಾಮಿಯ ಗಂಟೆಯನ್ನೂ ಹೊರಗಿಟ್ಟಿತ್ತು. ಮಹಾಲಿಂಗಪ್ಪನ ಮುಖ ಇಳಿದುಹೋಯಿತು. ನೀಲಗಂಗಮ್ಮ ಮಾತ್ರ ಸೆರಗು ಬಾಯಿಗಿಟ್ಟುಕೊಂಡು, ಮೆಟ್ಟಿಲ ಮೇಲೆ ಕೂತು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಅವಳ ನಗು ಕೇಳಿ, ಗುಡಿಯಿಂದ ಬರುತ್ತಿದ್ದ ನಡುವಯಸ್ಸಿನವರೊಬ್ಬರು ನಿಂತರು. ಹಣೆಯ ವಿಭೂತಿಯನ್ನೂ ಮಾತನ್ನೂ ಗುರುತಿಸಿ, “ಎಲ್ಲಿಂದ ಬಂದ್ರಿ ತಾಯಿ?” ಎಂದು ಕನ್ನಡದಲ್ಲೇ ಕೇಳಿದರು. ಅವರು ವೀರೇಶ್ ಸ್ವಾಮಿ. ಬಳ್ಳಾರಿ ಕಡೆಯವರು, ಇಲ್ಲಿನ ವೀರಶೈವ ಮಠದ ಸೇವೆಗೆ ಬಂದವರು. ಸಂಗತಿ ಕೇಳಿ ಅವರೂ ನಕ್ಕು, ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದರು. ಜನವಿರಲಿಲ್ಲ. ತಣ್ಣನೆಯ ಕಲ್ಲಿನ ಮೇಲೆ ನೀಲಗಂಗಮ್ಮ ಬೇಕಾದಷ್ಟು ಹೊತ್ತು ನಿಂತಳು. ಎಷ್ಟೋ ವರ್ಷ ಕಾದು ಬೆಟ್ಟ ಹತ್ತಲಾರದವಳ ಎದುರಿಗೆ, ತಾನೇ ಇಳಿದು ಬಂದವನು ಕುಳಿತಿದ್ದ. ಅವಳು ಏನೂ ಕೇಳಿಕೊಳ್ಳಲಿಲ್ಲ. ಆ ಬೆಳಿಗ್ಗೆ ಸಿಕ್ಕಿದ್ದೇ ಅವಳಿಗೆ ತುಂಬಿ ಹೋಗಿತ್ತು.

ಹೊರಬಂದಾಗ ವೀರೇಶ್ ಸ್ವಾಮಿ ಹೇಳಿದರು, “ತಾಯಿ, ಇವತ್ತು ವ್ಯಾನಿನಾಗ ಮಲಗಬ್ಯಾಡ್ರಿ. ಗುಡಿ ಗ್ವಾಡಿಗೇ ಹತ್ತಿ ಒಂದು ಖೋಲಿ ಐತಿ. ಬೆಂಕಿ ಹಾಕಿಸ್ತೀನಿ, ಬೆಚ್ಚಗಿರ್ತದ. ಗಂಟಿ ಕಿವ್ಯಾಗ ಬಾರಿಸಿದಂಗ ಕೇಳ್ತದ. ನಾಳಿ ಆರತಿ ತಪ್ಪಂಗಿಲ್ಲ. ರೊಕ್ಕ ಏನೂ ಬ್ಯಾಡ.”

ಮಹಾಲಿಂಗಪ್ಪ ಆಸೆಯಿಂದ ಹೆಂಡತಿಯನ್ನು ನೋಡಿದ. ಅವಳು ಸ್ವಾಮಿಗಳಿಗೆ ಕೈ ಮುಗಿದಳು.

“ನಿಮ್ಮ ಮಾತು ದೊಡ್ಡದು ಸ್ವಾಮಿ, ಆದ್ರೆ ಖೋಲಿ ಬ್ಯಾಡ. ಇವರು ನನಗೋಸ್ಕರ ಅಷ್ಟು ಒದ್ದಾಡಿ ಬೆಚ್ಚಗೆ ಮಾಡಿರೋ ಮನೆ ಅದು. ಅದರಾಗೆ ನನ್ನ ಕೈ ತಾನಾಗೇ ಬಿಚ್ತು. ಇವತ್ತೂ ಅಲ್ಲೇ ಮಲಗ್ತೀನಿ. ಗುಡಿ ಕಡೆ ಕಿಟಕಿಯ ಹಾಸನ್ನ ನಾಲ್ಕು ಬೆರಳಷ್ಟು ಸರಿಸಿ, ಗಾಜು ತೆಗೆದಿಡ್ತೀನಿ. ಗಂಟೆ ಜೊತೆ ಸ್ವಲ್ಪ ಚಳಿನೂ ಬರಲಿ ಬಿಡಿ.”