ಕಾಕುವಿನ ಉಗುರು ಮತ್ತು ಕಳ್ಳರ ಗಂಟೆ

ಕಾಕುವಿನ ಬಲಗೈ ಹೆಬ್ಬೆರಳಿನ ಉಗುರು ಹುಣಸೆ ಬೀಜದಷ್ಟು ಗಟ್ಟಿ, ಬಣ್ಣವೂ ಅದೇ. ಶೇಂಗಾ ಒಡೆಯುವುದು, ಬೆಳ್ಳುಳ್ಳಿ ಬಿಡಿಸುವುದು, ಹೊಸ ಸ್ಟೀಲ್ ಪಾತ್ರೆಗೆ ಅಂಟಿಸಿದ ಚೀಟಿ ಕೀಳುವುದು, ಬಿಗಿದುಕೊಂಡ ಡಬ್ಬಿಯ ಮುಚ್ಚಳ ಎಬ್ಬಿಸುವುದು ಎಲ್ಲವೂ ಅದರಿಂದಲೇ. ನೇಲ್ ಕಟರ್ ತಂದುಕೊಡಲೇ ಎಂದು ನಾನೊಮ್ಮೆ ಕೇಳಿದೆ. "ಬಾಯಾರ, ನಿಮ್ಮ ಕೈಯಾಗಿನ ಖಡು ಕಸಗೊಂಡ್ರ ನೀವು ಸಾಲ್ಯಾಗ ಹೆಂಗ ಕಲಿಸ್ತೀರಿ?" ಎಂದರು. ನಮ್ಮ ಕಡೆ ಬಾಯಾರು ಎಂದರೆ ಶಿಕ್ಷಕಿ, ಖಡು ಎಂದರೆ ಸೀಮೆಸುಣ್ಣ. ಆಮೇಲೆ ನಾನು ಆ ಉಗುರಿನ ಸುದ್ದಿಗೆ ಹೋಗಲಿಲ್ಲ.

ನಾನು ಸಿಂದಗಿಯ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಲು ಹೊಸದಾಗಿ ಸೇರಿದ್ದೆ. ಇಸವಿ ಎರಡು ಸಾವಿರ ದಾಟಿದ ಹೊಸತು. ಕಾಕು ಎಂದರೆ ಚಿಕ್ಕಮ್ಮ, ಆದರೆ ಇವರು ನನಗೆ ಸಂಬಂಧಿಯಲ್ಲ, ಮನೆ ಒಡತಿ; ನನ್ನ ಊಟವೂ ಅವರಲ್ಲೇ. ಓಣಿಯವರೆಲ್ಲ ಕಾಕು ಎನ್ನುತ್ತಿದ್ದರು, ನಾನೂ ಅಂದೆ. ಅವರ ಗಂಡ ಕಾಕಾ ನೀರಾವರಿ ಇಲಾಖೆಯಿಂದ ನಿವೃತ್ತರಾದವರು. ನಿವೃತ್ತರಾದರೂ ನೀರಿನ ತಂಟೆ ಅವರನ್ನು ಬಿಟ್ಟಿರಲಿಲ್ಲ. ಕಾಕಾನ ಮಾಳಿಗೆಯ, ಎಂದರೆ ಚಪ್ಪಟೆ ಮಣ್ಣಿನ ಛಾವಣಿಯ, ಮಳೆನೀರು ಪಕ್ಕದ ಮನೆಯ ಅಂಗಳಕ್ಕೆ ಬೀಳುತ್ತದೆಂದು ಆ ಮನೆಯ ಮಗ ತಕರಾರು ತೆಗೆದ. ಕಾಕಾ ಸೊಪ್ಪು ಹಾಕಲಿಲ್ಲ. ಅಂದಿನಿಂದ ಎರಡು ಮನೆಗೂ ಮಾತಿಲ್ಲ, ಕತೆಯಿಲ್ಲ. ಮಳೆಗಾಗಿ ಆಕಾಶ ನೋಡುತ್ತ ಕೂಡುವ ನಮ್ಮ ಸೀಮೆಯಲ್ಲಿ ಮಳೆನೀರು ಹೆಚ್ಚಾಯಿತೆಂದು ಜಗಳಾಡಿದವರು ಇವರಿಬ್ಬರೇ ಇರಬೇಕು.

ಆದರೆ ಆ ಮಗನ ತಾಯಿ ಕಾಕುವಿನ ಗೆಳತಿ. ಒಂದೇ ವರ್ಷ ಇಬ್ಬರೂ ಸೊಸೆಯಂದಿರಾಗಿ ಆ ಓಣಿಗೆ ಬಂದವರು. ಗಂಡಸರು ಮಾತು ಬಿಟ್ಟರೆ ಇವರೇಕೆ ಬಿಡಬೇಕು? ನಮ್ಮ ಕಡೆಯ ಮಾಳಿಗೆಗಳು ಒಂದಕ್ಕೊಂದು ಹತ್ತಿಕೊಂಡಿರುತ್ತವೆ, ನಡುವೆ ಮೊಣಕಾಲೆತ್ತರದ ಗೋಡೆ. ಮಧ್ಯಾಹ್ನ ಕಾಕಾ ಪಡಸಾಲೆಯಲ್ಲಿ ಮುಖದ ಮೇಲೆ ಪೇಪರು ಹಾಕಿಕೊಂಡು ಮಲಗುತ್ತಲೇ ಗೆಳತಿ ಆ ಗೋಡೆ ದಾಟಿ, ಮಾಳಿಗೆ ಬಾಗಿಲಿನಿಂದ ಇಳಿದು ಅಡುಗೆಮನೆಗೆ ಬರುತ್ತಿದ್ದರು. ಚಹಾ, ಶೇಂಗಾ ಉಂಡಿ, ಪಿಸುಮಾತು. ಕಾಕು ದಿನವಿಡೀ ಎಲ್ಲರನ್ನೂ ಗದರುವ ಹೆಂಗಸು. ಆ ಒಂದು ಹೊತ್ತು ಮಾತ್ರ ಅವರು ಹುಡುಗಿಯ ಹಾಗೆ ನಗುವುದನ್ನು ರಜೆಯ ದಿನಗಳಲ್ಲಿ ನಾನು ಕೇಳಿದ್ದೇನೆ.

ಹೀಗಿರುವಾಗ ಹಿಂದಿನ ಓಣಿಯಲ್ಲಿ ಯಾರೋ ಮಾಳಿಗೆಯಿಂದ ಇಳಿದು ತಾಮ್ರದ ಹಂಡೆ ಹೊತ್ತೊಯ್ದರು. ಕಾಕಾಗೆ ಮಾಳಿಗೆ ಬಾಗಿಲಿನ ಚಿಂತೆ ಹತ್ತಿತು. ವಿಜಾಪುರದಿಂದ ಒಬ್ಬ ಕಳ್ಳರ ಗಂಟೆ ಮಾರುವವನನ್ನು ಕರೆಸಿಯೇಬಿಟ್ಟರು. ಅವನು ಎರಡು ಪೆಟ್ಟಿಗೆ ಬಿಚ್ಚಿದ. ಒಂದು ವಾಯರಿನದು, ಇನ್ನೊಂದು ವಾಯರ್‌ಲೆಸ್.

"ಎರಡರಾಗೂ ಕೆಲಸ ಒಂದ ರೀ. ಒಂದು ತುಂಡು ಚೌಕಟ್ಟಿಗೆ, ಒಂದು ಬಾಗಿಲಿಗೆ. ಎರಡೂ ಹತ್ರ ಇರೂತನಾ ಸುಮ್ನಿರ್ತಾವು. ದೂರ ಆದ್ವು ಅಂದ್ರ ಪಡಸಾಲ್ಯಾಗಿನ ಡಬ್ಬಿ ಒದರ್ತೈತಿ."

"ನಮ್ಮ ಮನ್ಯಾಗ ಉಲ್ಟಾ ಐತಿ," ಎಂದರು ಕಾಕು. "ನಾವಿಬ್ರು ಹತ್ರ ಕುಂತಾಗ ಒದರ್ತೇವಿ."

ಕಾಕಾ ಅದನ್ನು ಕೇಳಿಸಿಕೊಳ್ಳಲಿಲ್ಲ. "ವಾಯರಿಂದ ಇರ್ಲಿ. ಕಣ್ಣಿಗೆ ಕಾಣಬೇಕು. ಗಾಳ್ಯಾಗ ಹೋಗೂದು ನನಗ ನಂಬಿಗಿ ಇಲ್ಲ. ಏನಂತೀರಿ ಬಾಯಾರ?"

ವಿಜ್ಞಾನ ಕಲಿಸುವವಳು, ಕೇಳಿದರೆ ಬಿಟ್ಟೇನೆಯೇ? ವಾಯರಿನದೇ ಖಾತ್ರಿ, ಪದೇ ಪದೇ ಸೆಲ್ ಬದಲಿಸುವ ರಗಳೆ ಇಲ್ಲ ಎಂದು ಪಾಠ ಶುರು ಮಾಡಿದೆ. ಕಾಕು ನನ್ನನ್ನು ದುರುಗುಟ್ಟಿ ನೋಡಿದರು.

"ಇಲಿ ವಾಯರ್ ಕಡದ್ರ?"

"ಪೈಪಿನಾಗ ಹಾಕ್ತೇವ್ರಿ."

"ಕರೆಂಟ್ ಹೋದ್ರ?"

"ಒಳಗ ಬ್ಯಾಟರಿ ಐತ್ರಿ."

"ಬಾಗಿಲಿಗೆ ಹೆಂಗ ಕುಂಡ್ರಸ್ತಿ?"

"ಸ್ಕ್ರೂ ಹಾಕಿ ಬಿಗಿದ್ವಿ ಅಂದ್ರ ಅವ್ವಾರ, ಜಪ್ಪಯ್ಯ ಅಂದ್ರೂ ಅಲ್ಲಾಡಂಗಿಲ್ಲ."

ಕಾಕುವಿನ ಮುಖ ಸಣ್ಣದಾಯಿತು. ವಾಯರ್‌ಲೆಸ್ಸಿನ ಬಿಳಿ ತುಂಡು ಎತ್ತಿಕೊಂಡು, "ಮತ್ತ ಇದು?" ಎಂದರು.

"ಅದಕ್ಕ ಅಂಟು ಐತ್ರಿ. ಹಚ್ಚಿದ್ರ ಆತು."

ಕಾಕು ಅದನ್ನು ಪಡಸಾಲೆಯ ಕಂಬಕ್ಕೆ ಒತ್ತಿ ಹಚ್ಚಿದರು. ಅಂಚಿಗೆ ಉಗುರು ಕೊಟ್ಟರು. ಟಪ್ಪನೆ ಬಂತು.

"ಕೀಳೂದ್ಯಾಕ್ರಿ ಅವ್ವಾರ?"

"ದೀಪಾವಳಿಗೆ ಸುಣ್ಣಾ ಹಚ್ಚಬೇಕಲ್ಲಪಾ."

ಆಗ ನನಗೆ ಹೊಳೆಯಿತು. ಗಂಟೆ ಬಂದ್ ಮಾಡುವ ರಿಮೋಟು ಕಾಕಾನ ಬನಿಯನ್ ಕಿಸೆ ಸೇರುವುದು ಖಚಿತ. ಬಾಗಿಲಿಗೆ ಸ್ಕ್ರೂ ಬಿದ್ದರೆ ಗೆಳತಿಯ ಚಹಾ ಮುಗಿದಂತೆ. ನಾನು ನಾಚಿಕೆಯಿಲ್ಲದೆ ಪಕ್ಷ ಬದಲಿಸಿದೆ. ಈ ಮಣ್ಣಿನ ಗೋಡೆಗಳಿಗೆ ಮೊಳೆ ಹೊಡೆದರೆ ಮನೆಯೇ ಸಡಿಲಾಗುತ್ತದೆ, ವಾಯರ್‌ಲೆಸ್ಸೇ ಒಳ್ಳೆಯದು ಎಂದೆ. ವಿಜ್ಞಾನದ ಮೇಲೆ ಅಪಾರ ಗೌರವವಿದ್ದ ಕಾಕಾ ಒಪ್ಪಿದರು. ಅವತ್ತು ಸಂಜೆ ನನ್ನ ತಾಟಿಗೆ ಹೋಳಿಗೆ ಬಂತು.

ಅಂದಿನಿಂದ ದಿನಾ ಮಧ್ಯಾಹ್ನ ಕಾಕು ಮಾಳಿಗೆ ಮೆಟ್ಟಿಲೇರಿ, ಎರಡೂ ತುಂಡುಗಳನ್ನು ಉಗುರಿನಿಂದ ಒಟ್ಟಿಗೇ ಎಬ್ಬಿಸಿ, ಜೋಡಿಸಿ ಮುಷ್ಟಿಯಲ್ಲಿ ಹಿಡಿದು ತಂದು ಉಂಡಿ ಡಬ್ಬಿಯೊಳಗೆ ಒತ್ತಾಗಿ ಇಡುತ್ತಿದ್ದರು. ಗೆಳತಿ ಹೋದ ಮೇಲೆ ಮತ್ತೆ ಅಂಟಿಸುತ್ತಿದ್ದರು. ಕಂಪನಿಯ ಅಂಟು ವಾರದಲ್ಲೇ ಸೋತಿತು, ಜಾಲಿ ಅಂಟು ಬಂತು.

ಒಂದು ಭಾನುವಾರ ಗೆಳತಿಗೆ ಇನ್ನೊಂದು ಉಂಡಿಯ ಆಸೆಯಾಯಿತು. ಮಾತಿನ ಭರದಲ್ಲಿ ನೋಡದೆ ಡಬ್ಬಿಗೆ ಕೈ ಹಾಕಿದರು. ಕೈಗೆ ಬಂದದ್ದು ಬಿಳಿ ತುಂಡು. ಪಡಸಾಲೆಯ ಡಬ್ಬಿ ಬಾಯಿ ಬಿಟ್ಟು ಅರಚಿತು. ಮಲಗಿದ್ದ ಕಾಕಾ ಧಡಕ್ಕನೆ ಎದ್ದು, ಪೇಪರು ಕೊಡವಿ, ಬಡಿಗೆ ಹಿಡಿದು ಅಡುಗೆಮನೆಗೆ ನುಗ್ಗಿದರು. ಓಣಿಗೆ ಓಣಿಯೇ ಬಾಗಿಲಿಗೆ ಬಂತು. ಮುಂದೆಯೇ ನಿಂತವನು ಪಕ್ಕದ ಮನೆಯ ಮಗ.

ಒಳಗೆ ಅವನ ತಾಯಿ ಒಂದು ಕೈಯಲ್ಲಿ ಅರ್ಧ ಉಂಡಿ, ಒಂದು ಕೈಯಲ್ಲಿ ಗಂಟೆಯ ತುಂಡು ಹಿಡಿದು ಕೂತಿದ್ದರು. ಮಗ ಒಳಗೆ ಬಂದರೆ ಇಷ್ಟು ವರ್ಷದ ಗೆಳೆತನ ಅಲ್ಲಿಗೆ ಮುಗಿಯುತ್ತಿತ್ತು. ಕಾಕಾ ರಿಮೋಟು ಒತ್ತಿ ಗದ್ದಲ ನಿಲ್ಲಿಸಿದರು. ಆಕೆಯನ್ನು ನೋಡಿದರು, ಉಂಡಿ ನೋಡಿದರು, ಹೆಂಡತಿಯ ಕಡೆ ತಿರುಗಿದರು.

"ಸಾಮಾನು ಖರೇನ ಛಲೋ ಐತಿ. ಕಳ್ಳರು ಸಿಕ್ಕರು."

ಕಾಕು ಹೆದರಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಆದರೂ ದನಿ ಅಲುಗಲಿಲ್ಲ. "ಕಳ್ಳರು ಇಬ್ರ ಅದೀವಿ. ಹೊರಗ ಹೇಳಾವ್ರ ಇದ್ರ ನನ್ನ ಹೆಸರು ಮೊದಲ ಹೇಳ್ರಿ."

ಕಾಕಾ ಬಾಗಿಲಿಗೆ ಹೋದರು. "ಹೋಗ್ರಿ ಹೋಗ್ರಿ, ಇಲಿ ಬಂದಿತ್ತು," ಎಂದು ಓಣಿಯನ್ನು ಸಾಗಹಾಕಿದರು. ಆಮೇಲೆ ಆ ಮಾತು ಎಂದೂ ಎತ್ತಲಿಲ್ಲ. ಮಧ್ಯಾಹ್ನ ಮಾತ್ರ ಪಡಸಾಲೆ ಬಿಟ್ಟು ಹೊರಗಿನ ಕಟ್ಟೆಯ ಮೇಲೆ ಮಲಗತೊಡಗಿದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿದ್ದು ಆಗಲೇ.

ಕೆಲವು ವರ್ಷಗಳ ನಂತರ ನಾನು ಮುದ್ದೇಬಿಹಾಳಕ್ಕೆ ವರ್ಗವಾಗಿದ್ದಾಗ ಕಾಕು ತೀರಿಕೊಂಡ ಸುದ್ದಿ ಬಂತು. ಬಸ್ಸಿನುದ್ದಕ್ಕೂ ಅತ್ತೆ. ಊರು ಹೊಸದಾದ ಹುಡುಗಿಗೆ ಬೈದು ಬೈದು ಉಣ್ಣಿಸಿದವರು ಅವರು. ದಿನಕರ್ಮದ ಊಟವಾಗಿ ಬಂದವರೆಲ್ಲ ಚದುರಿದ ಮೇಲೆ ನಾನು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತ ಉಳಿದೆ. ಮಧ್ಯಾಹ್ನವಾಯಿತು. ಕಾಕಾ ಉಳ್ಳಾಗಡ್ಡಿ ಹೆಚ್ಚುವ ಚಾಕು ತೆಗೆದುಕೊಂಡು ಮಾಳಿಗೆ ಮೆಟ್ಟಿಲು ಏರಿದರು. ಬಂದ್ ಮಾಡುವ ರಿಮೋಟು ಅವರ ಕಿಸೆಯಲ್ಲೇ ಇತ್ತು. ಆದರೂ ಚಾಕುವಿನ ತುದಿಯಿಂದ ಎರಡೂ ತುಂಡುಗಳನ್ನು ಮೆಲ್ಲಗೆ ಎಬ್ಬಿಸಿ, ಜೋಡಿಸಿ ಹಿಡಿದು ತಂದು ಉಂಡಿ ಡಬ್ಬಿಯಲ್ಲಿ ಇಟ್ಟರು.

ಸ್ವಲ್ಪ ಹೊತ್ತಿಗೆ ಗೆಳತಿ ಇಳಿದು ಬಂದು, ಕಾಕಾನನ್ನು ಕಂಡು ಕೊನೆಯ ಮೆಟ್ಟಿಲಲ್ಲೇ ನಿಂತರು. ಕಾಕಾ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟಿದ್ದರು. ತಿರುಗಿ ನೋಡದೆ ಕೇಳಿದರು:

"ನಿಮಗ ಆಕಿ ಸಕ್ರಿ ಎಷ್ಟು ಹಾಕ್ತಿದ್ಲ್ರಿ?"

ಜಗಳವಾದ ಮೇಲೆ ಆ ಮನೆಯವರೊಡನೆ ಕಾಕಾ ಆಡಿದ ಮೊದಲ ಮಾತು ಅದು.