ಹಿಂದಿನ ಗಾಜಿನ ಹೆಸರು

ಗೋಕಾಕದಲ್ಲಿ ನಾನು ಗಾಡಿಗಳ ಮೇಲೆ ಹೆಸರು ಬರೆಯುವವನು. ಬರೆಸಿಕೊಂಡವರ ಮುಖ ಮರೆತುಹೋಗುತ್ತದೆ, ಅಕ್ಷರ ಮರೆಯುವುದಿಲ್ಲ. ನಾನು ಬರೆದ ಹೆಸರಿನವರಲ್ಲಿ ಕೆಲವರು ಈಗ ಇಲ್ಲ. ಅವರ ಹೆಸರು ಮಾತ್ರ ಸಂತೆಗೆ, ಮದುವೆಗೆ, ಆಸ್ಪತ್ರೆಗೆ ಓಡಾಡಿಕೊಂಡಿದೆ. ಅಂಥ ಗಾಡಿಯೊಂದು ಅಂಗಡಿ ಮುಂದೆ ಹಾದುಹೋದರೆ ಕೈಯಲ್ಲಿದ್ದ ಕುಂಚ ನಿಂತುಬಿಡುತ್ತದೆ. ಸುಳ್ಳೇಕೆ, ಹೆದರಿಕೆಯಾಗುತ್ತದೆ.

ಈಗ ಎಲ್ಲರಿಗೂ ಸ್ಟಿಕ್ಕರ್ ಬೇಕು. ನನ್ನ ಅಂಗಡಿಗೆ ಬರುವವರು ಹೆಚ್ಚಾಗಿ ಹಳೇ ಗಾಡಿಯ ಹುಚ್ಚರು. ನಾನೂ ಅದೇ ಗುಂಪಿನವನು. ನನ್ನ ಕಾರಿಗೆ ನನ್ನ ಮಗನಿಗಿಂತ ವಯಸ್ಸು ಹೆಚ್ಚು, ಹಟವೂ ಹೆಚ್ಚು. ಭಾನುವಾರ ನಾಲ್ಕೈದು ಮಂದಿ ಸೇರಿ ಬಾನೆಟ್ ಎತ್ತುತ್ತೇವೆ, ಚಹಾ ಕುಡಿಯುತ್ತೇವೆ, ಸರಕಾರಕ್ಕೆ ಬುದ್ಧಿ ಹೇಳುತ್ತೇವೆ. ಹಳೇ ಗಾಡಿಯನ್ನು ಗುಜರಿಗೆ ಕೊಟ್ಟವರಿಗೆ ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿ ಎಂಬ ಸುದ್ದಿ ಬಂದಾಗಿನಿಂದ ಈ ಬುದ್ಧಿವಾದ ಜೋರಾಗಿದೆ.

"ಹದಿನೈದು ವರ್ಷ ಆತು ಅಂದಕೂಡ್ಲೆ ಮುದುಕ ಅಂದ್ರ ಹೆಂಗ್ರಿ? ಹೊಗಿ ನೋಡ್ರಿ, ವಯಸ್ಸ ನೋಡಬ್ಯಾಡ್ರಿ," ಎಂದು ನಮ್ಮಲ್ಲಿನ ಜೀಪಿನವನು ವಾದಿಸುತ್ತಾನೆ. ಅವನ ಜೀಪು ಬಿಡುವ ಹೊಗೆಯಲ್ಲಿ ಅವನ ಮುಖವೇ ಕಾಣುವುದಿಲ್ಲ, ಆ ಮಾತು ಬೇರೆ.

ಮೂಡಲಗಿಯ ಒಬ್ಬರಿಗೆ ಹುಕ್ಕೇರಿಯ ಕಚೇರಿಯಲ್ಲಿ ನೌಕರಿ. ಗೋಕಾಕ, ಕೊಣ್ಣೂರ ಹಾದು ದಿನಾ ಒಂದು ಬಿಳಿ ಕಾರಿನಲ್ಲಿ ಹೋಗಿಬರುತ್ತಿದ್ದರು. ಆ ಕಾರಿನ ಹಿಂದಿನ ಗಾಜಿನ ಮೇಲೆ ಅವರ ಮಗಳ ಹೆಸರು ಬರೆದವನು ನಾನೇ. ಅವಳು ಆಗಷ್ಟೇ ಶಾಲೆ ಸೇರಿದ್ದಳು. ಬಣ್ಣದ ಡಬ್ಬಿಯ ಪಕ್ಕ ಕೂತು, "ಕಾಕಾ, ದಪ್ಪ ಬರೀರಿ, ಬಸ್ಸಿನ್ಯಾಗಿದ್ದವ್ರಿಗೂ ಕಾಣಬೇಕು," ಎಂದಿದ್ದಳು. ದಪ್ಪವಾಗಿಯೇ ಬರೆದೆ. ಮುಂದಿನ ವರ್ಷ ಜ್ವರ ಬಂದು ಹೋಗಿಬಿಟ್ಟಳು. ಆ ಹೆಸರನ್ನು ಇಲ್ಲಿ ಬರೆಯಲಾರೆ.

ವರ್ಷಗಳು ಕಳೆದವು, ಬಣ್ಣ ಮಾಸಲಿಲ್ಲ. ಕಳೆದ ಸಲ ಕಬ್ಬು ಕಡಿಯುವ ಹೊತ್ತಿಗೆ ಅವಳ ತಾಯಿ ಒಬ್ಬರೇ ಬಸ್ಸು ಹತ್ತಿ ನನ್ನ ಅಂಗಡಿಗೆ ಬಂದರು. ಗಂಡ ಆ ಕಾರನ್ನು ಗುಜರಿಗೆ ಕೊಟ್ಟು ಹೊಸದು ತರಲು ಹೊರಟಿದ್ದಾರೆ, ಹೇಗಾದರೂ ತಡೆಯಿರಿ ಎಂದರು.

"ಊರಾಗ ನನ್ನ ಮುಂದ ಯಾರೂ ಆಕಿ ಹೆಸರ ತಗಿಯೂದಿಲ್ರಿ. ನನಗ ನೋವ ಆಗತೈತಿ ಅಂತ ಬಾಯಿ ಮುಚ್ಕೋತಾರ. ಆ ಗಾಡಿ ಒಂದ ಆಕಿ ಹೆಸರ ಹೊತ್ಕೊಂಡ ತಿರಗತೈತಿ. ಹಳೇ ಗಾಡಿಯವ್ರ ನೀವ ಯಾರರ ತಗೋರಿ. ನಮ್ಮ ಮನ್ಯಾಗ ಇರದಿದ್ರೂ ನಡದೀತು, ರಸ್ತಾದ ಮ್ಯಾಲರ ಇರಲಿ."

ನನಗೆ ಸಿಟ್ಟು ನೆತ್ತಿಗೇರಿತು. ರಿಯಾಯಿತಿಯ ಆಸೆಗೆ ಮಗಳ ಹೆಸರನ್ನೇ ಗುಜರಿಗೆ ಹಾಕುವ ಇವರೆಂಥ ತಂದೆ? ಜೀಪಿನವನನ್ನು ಕೇಳಿದೆ, ಕಾರನ್ನು ತಾನೇ ಕೊಳ್ಳುತ್ತೇನೆ ಎಂದ. ಮರುದಿನ ಸಂಜೆ ಹುಕ್ಕೇರಿಯಿಂದ ಮರಳುತ್ತಿದ್ದ ಆ ತಂದೆಯನ್ನು ಅಂಗಡಿ ಮುಂದೆಯೇ ತಡೆದು ನಿಲ್ಲಿಸಿದೆ.

"ಸರಕಾರ ನಾಕ ದುಡ್ಡ ಬಿಡತೈತಿ ಅಂತ ಮಗಳ ಹೆಸರ ಮುರಿಯಾಕ ಕೊಡತೀರೇನ್ರಿ? ನಮ್ಮವ ತಗೋತಾನ, ಕೊಟ್ಟಬಿಡ್ರಿ."

ಅವರು ಜಗಳಕ್ಕೆ ಬರಲಿಲ್ಲ. ಕೆಳಗಿಳಿದು ಕೀಲಿಯನ್ನು ನನ್ನ ಕೈಯಲ್ಲಿಟ್ಟರು. "ಮೂಡಲಗಿ ರಸ್ತಾಕ ಸ್ವಲ್ಪ ದೂರ ನೀವ ಹೊಡೀರಿ," ಎಂದು ಪಕ್ಕದ ಸೀಟಿನಲ್ಲಿ ಕೂತರು.

ಊರು ದಾಟಿದ ಮೇಲೆ ಹಿಂದೆ ಕಬ್ಬಿನ ಟ್ರ್ಯಾಕ್ಟರೊಂದು ಹಾರ್ನ್ ಹಾಕಿತು. ನಡುವಿನ ಕನ್ನಡಿಯತ್ತ ಕಣ್ಣೆತ್ತಿದೆ. ಕನ್ನಡಿ ತುಂಬ ಅವಳ ಹೆಸರಿತ್ತು.

ಹೊರಗೆ ಬರೆದ ಹೆಸರು ಗಾಡಿಯೊಳಗೆ ಕೂತವರಿಗೆ ತಿರುಗುಮುರುಗಾಗಿ ಕಾಣುತ್ತದೆ. ಗಾಡಿ ಹೊಡೆಯುವವರ ಕನ್ನಡಿ ಅದನ್ನು ಮತ್ತೊಮ್ಮೆ ತಿರುಗಿಸಿ ನೇರ ಮಾಡುತ್ತದೆ. ಅರ್ಧ ಆಯುಷ್ಯ ಗಾಜಿನ ಮೇಲೆ ಬರೆದರೂ ನನಗಿದು ಹೊಳೆದಿರಲಿಲ್ಲ. ನಾನು ಯಾವಾಗಲೂ ಹೊರಗೆ ನಿಂತವನು. ಬೆನ್ನ ಹಿಂದೆ ಮುಳುಗುತ್ತಿದ್ದ ಸೂರ್ಯನ ಬೆಳಕಿಗೆ ನನ್ನ ದಪ್ಪ ಅಕ್ಷರಗಳು ಕಪ್ಪಗೆ ನಿಂತು ನನ್ನನ್ನೇ ನೋಡುತ್ತಿದ್ದವು. ಟ್ರ್ಯಾಕ್ಟರು ದೀಪ ಹಾಕಿದ್ದೇ ಆ ಹೆಸರಿನ ನೆರಳು ಸ್ಟೇರಿಂಗ್ ಹಿಡಿದ ನನ್ನ ಕೈಗಳ ಮೇಲೆ ಬಿದ್ದು ಅಲುಗಾಡಿತು. ಹಿಂದಿನ ಸೀಟಿನಲ್ಲಿ ಹುಡುಗಿ ಮೊಣಕಾಲೂರಿ ಕೂತಿದ್ದಾಳೆ ಅನ್ನಿಸಿತು. ತಿರುಗಿ ನೋಡುವ ಧೈರ್ಯವಾಗದೆ ಗಾಡಿಯನ್ನು ಬದಿಗೆ ನಿಲ್ಲಿಸಿದೆ.

"ದಿನಾ ಹಿಂಗ್ರಿ," ಎಂದರು ಅವರು. "ಹಿಂದ ಯಾರ ಬರಾಕತ್ತಾರ ಅಂತ ನೋಡಾಕ ಹೋದ್ರ ಆಕೀನ ಬರತಾಳ."

"ಒಂದ ಮಾತ ಹೇಳಿದ್ರ ಒರಸಿ ಕೊಡತಿದ್ನಲ್ರಿ?"

"ಒರಸು ಅಂತ ಯಾವ ಬಾಯಿಲೆ ಹೇಳ್ಲಿ? ನಿಮ್ಮವಗ ಮಾರಿದ್ರ ಒಂದಿನ ನನ್ನ ಮುಂದ ಹೋಗತಿರತೈತಿ, ನಾ ಬೆನ್ನ ಹತ್ತಬೇಕಾಗತೈತಿ. ಗುಜರಿಗಿ ಕೊಟ್ರ ಸರಕಾರ ಒಯ್ತು ಅಂತ ಹೇಳಬಹುದು, ನಾ ಕಳಿಸಿದಂಗ ಆಗೂದಿಲ್ಲ. ಮನಿಯಾಕಿಗಿ ಮಾತ್ರ ಹೇಳಬ್ಯಾಡ್ರಿ. ಬಾಜೂಕ ಕೂಡತಾಳ, ಆಕಿಗಿ ಇದು ಕಂಡಿಲ್ಲ."

ನಾನು ಹೇಳಲಿಲ್ಲ. ಕಾರು ಗುಜರಿಗೆ ಹೋಯಿತು. ಭಾನುವಾರದ ಗುಂಪು ಆ ತಂದೆಯನ್ನು ಬಾಯಿಗೆ ಬಂದಂತೆ ಬೈಯುವಾಗ ನಾನು ಚಹಾದ ಲೋಟ ನೋಡುತ್ತ ಕೂತೆ. "ಯಾಕಲೇ, ಬಾಯಾಗ ಕಡಬ ಇಟಗೊಂಡಿಯೇನ?" ಎಂದು ಜೀಪಿನವನು ಕೆಣಕಿದ. ಓಡುವ ಗಾಡಿಯನ್ನು ಮುರಿಯುವುದು ತಪ್ಪು ಎಂದು ಈಗಲೂ ನಂಬಿದ್ದೇನೆ. ಆ ಒಂದು ಕಾರಿನ ಮಟ್ಟಿಗೆ ಮಾತ್ರ ಆ ವಾದ ಹೂಡಲಾರೆ. ಒಮ್ಮೆ ಬಸ್ಸಿನ ಕಿಟಕಿಯಲ್ಲಿ ಆ ತಾಯಿಯನ್ನು ಕಂಡೆ. ನನ್ನನ್ನು ನೋಡಿ ಮುಖ ತಿರುಗಿಸಿಕೊಂಡರು.

ಯುಗಾದಿ ಮುಗಿದ ಮೇಲೆ ಗಂಡ ಹೆಂಡತಿ ಹೊಸ ಕಾರಿನಲ್ಲಿ ಬಂದರು. ಹಿಂದಿನ ಗಾಜು ಖಾಲಿ ಇತ್ತು. ಗಂಡ ಇಳಿದವರೇ ನೇರ ನನ್ನ ಹತ್ತಿರ ಬಂದರು.

"ಬರೀರಿ. ಅದ ಹೆಸರು, ಅದ ಜಾಗಾದಾಗ, ಅಷ್ಟ ದಪ್ಪ."

ನಾನು ಬಾಯಿಬಿಟ್ಟು ನೋಡಿದೆ. ಅವರು ದನಿ ತಗ್ಗಿಸಿದರು. "ಖಾಲಿ ಕನ್ನಡಿ ನೋಡಾಕ ಆಗವಲ್ದರಿ. ಮೊದಲ ಆಕಿ ಬೆನ್ನ ಹತ್ತಿ ಬರತಿದ್ಲು. ಈಗ ಹಿಂದ ಎಲ್ಲೋ ರಸ್ತಾದಾಗ ಬಿಟ್ಟ ಬಂದೀನಿ ಅನಸತೈತಿ."

ಬರೆದೆ. ಮೊದಲನೇ ಅಕ್ಷರವನ್ನು ಅಳಿಸಿ ಮತ್ತೆ ಬರೆಯಬೇಕಾಯಿತು. ಬಣ್ಣ ಆರಿತು. ಆಮೇಲೆ ಗಂಡ ಹೆಂಡತಿಯನ್ನು ಕರೆದು, ತಾವು ಕೂಡುವ ಸೀಟಿನಲ್ಲಿ ಕೂಡಿಸಿದರು.

"ಅಯ್ಯ, ನನಗೆಲ್ಲಿ ಹೊಡಿಯಾಕ ಬರತೈತ್ರಿ?"

"ಹೊಡೀಬ್ಯಾಡ. ಸುಮ್ಮ ಮ್ಯಾಲ ನೋಡು," ಎಂದು ಅವರು ಕನ್ನಡಿಯನ್ನು ಹೆಂಡತಿಯ ಎತ್ತರಕ್ಕೆ ತಿರುಗಿಸಿದರು.

ಆ ತಾಯಿ ನೋಡಿದರು. ಎರಡೂ ಕೈಯಿಂದ ಸ್ಟೇರಿಂಗ್ ಗಟ್ಟಿಯಾಗಿ ಹಿಡಿದುಕೊಂಡರು. ಕನ್ನಡಿಯಿಂದ ಕಣ್ಣು ತೆಗೆಯದೆಯೇ ಗಂಡನನ್ನು ಕೇಳಿದರು:

"ಇಷ್ಟ ವರ್ಷ ನೀವೊಬ್ಬರ ನೋಡಕೋತ ಬಂದ್ರೇನ್ರಿ?"